ಸುಣ್ಣ ಬಳಿದ ದಬ್ಬೆಗಳು

ಎಲೆಕೋಸು, ಹೂಕೋಸು, ನವಿಲುಕೋಸು. ಈ ಮೂರರ ಬೀಜವನ್ನು ಒಂದೊಂದು ಚಿಟಿಕೆ ನಿಮ್ಮ ಅಂಗೈಯಲ್ಲಿಟ್ಟು, ಯಾವುದು ಯಾವುದು ಹೇಳಿ ಎಂದರೆ ನಿಮ್ಮಿಂದ ಆಗುವುದಿಲ್ಲ. ನನ್ನಿಂದಲೂ ಆಗುವುದಿಲ್ಲ. ಮೂವತ್ತು ವರ್ಷಕ್ಕೂ ಮೇಲೆ ಬೀಜ, ಸಸಿ, ಗೊಬ್ಬರ ಎಂದುಕೊಂಡು ಸರ್ಕಾರದ ಸಂಬಳ ತಿಂದ ಮನುಷ್ಯ ಹೀಗೆ ಹೇಳಬಾರದು. ಆದರೆ ನಿವೃತ್ತಿಯಾದ ಮೇಲೆ ಮರ್ಯಾದೆ ಹೋಗುವ ಭಯ ಅರ್ಧಕ್ಕರ್ಧ ಇಳಿದುಬಿಡುತ್ತದೆ. ಮೂರೂ ಗುಂಡಗೆ, ಮೂರೂ ಕಂದು, ಮೂರೂ ಸಾಸಿವೆಯ ಅಣ್ಣತಮ್ಮಂದಿರು. ಮೊಳೆತು ಎರಡೆಲೆ ಬಿಟ್ಟ ಮೇಲೂ ಸುಲಭಕ್ಕೆ ಗುರುತು ಕೊಡುವುದಿಲ್ಲ. ನನ್ನ ಕೆಲಸದ ಅತಿ ದೊಡ್ಡ ಎಡವಟ್ಟು ಹುಟ್ಟಿದ್ದು ಇಲ್ಲಿಂದಲೇ.

ಮೊನ್ನೆ ತೋಟಗಾರಿಕೆ ಇಲಾಖೆಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದವಳೊಬ್ಬಳು ಆವರಗೆರೆಯ ನಮ್ಮ ಮನೆ ಹುಡುಕಿಕೊಂಡು ಬಂದಿದ್ದಳು. "ಸರ್, ಪುಸ್ತಕದಾಗೆ ಇಲ್ದಿರೋದು ಏನಾರ ಇದ್ರೆ ಹೇಳ್ರಿ" ಎಂದಳು. ನಾನು ಹೇಳಲು ಶುರು ಮಾಡಿದೆ, ಆಕೆ ಗಡಿಯಾರ ನೋಡಲು ಶುರು ಮಾಡಿದಳು. ತಪ್ಪು ಆಕೆಯದಲ್ಲ. ಚಹಾ ಕುಡಿಯುವಷ್ಟರಲ್ಲಿ ಮುಗಿಯುವ ಮಾತು ನನಗೆ ಮೊದಲಿನಿಂದ ಬರುವುದಿಲ್ಲ. ಅದಕ್ಕೇ ಬರೆದಿಡುತ್ತಿದ್ದೇನೆ. ಬಡ್ತಿಯ ವಿಷಯ ಇದರಲ್ಲಿ ಇರುವುದಿಲ್ಲ. ಬಡ್ತಿ ನನಗೆ ಎರಡು ಸಲ ಬಂತು, ಎರಡು ಸಲವೂ ಕುರ್ಚಿ ಬದಲಾಯಿತು. ಕುರ್ಚಿಯ ಬಗ್ಗೆ ಬರೆಯಲು ಏನಿದೆ?

ನನ್ನ ನೌಕರಿಯ ಬಹುಪಾಲು ಕಳೆದದ್ದು ಹರಿಹರದ ಹೊರಗೆ, ಹೊಳೆಯಿಂದ ಕೂಗಳತೆಯ ದೂರದಲ್ಲಿದ್ದ ಒಂದು ಸಸ್ಯಕ್ಷೇತ್ರದಲ್ಲಿ. ದಾವಣಗೆರೆಯಿಂದ ದಿನಾ ಬೆಳಿಗ್ಗೆ ಬಸ್ಸು ಹತ್ತುವುದು, ಹರಿಹರದಲ್ಲಿ ಇಳಿದು ಸೈಕಲ್ ತುಳಿಯುವುದು. ಕೈಚೀಲದಲ್ಲಿ ಊಟದ ಡಬ್ಬಿ, ಅದರ ಪಕ್ಕದಲ್ಲೇ ಬೀಜದ ಪೊಟ್ಟಣಗಳು. ಒಂದು ದಿನ ಡಬ್ಬಿಯ ಮುಚ್ಚಳ ಸಡಿಲವಾಗಿ ಚಿತ್ರಾನ್ನದೊಳಗೆ ಮೂಲಂಗಿ ಬೀಜ ಬಿದ್ದು, ಒಗ್ಗರಣೆಯ ಸಾಸಿವೆಯೆಂದುಕೊಂಡು ಅಗಿದು ತಿಂದಿದ್ದೇನೆ. ರುಚಿಯಲ್ಲೇನೂ ಅಂಥ ಫರಕು ಕಾಣಲಿಲ್ಲ.

ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನೊಂದು ದೊಡ್ಡ ಫಲಕ ಬರೆಸಿ ಗೇಟಿನ ಹತ್ತಿರ ತೂಗುಹಾಕಿದೆ. ಚಳಿಗಾಲದ ತರಕಾರಿಗಳ ಬೀಜವನ್ನು ಆಗಸ್ಟ್ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ ಹಾಕಬೇಕು ಎಂದು ಮುದ್ದಾದ ಅಕ್ಷರದಲ್ಲಿ. ರೈತರೊಬ್ಬರು ಅದರ ಮುಂದೆ ನಿಂತು ಪೂರ್ತಿ ಓದಿ, ನನ್ನ ಕಡೆ ತಿರುಗಿ, "ಅದು ಯಾವ ಮಳಿರಿ?" ಎಂದರು. ನಾನು ಬೆಪ್ಪಾಗಿ ನಿಂತೆ. ನಮ್ಮ ಕಡೆ ಹೊಲದ ಲೆಕ್ಕವೆಲ್ಲ ನಕ್ಷತ್ರದ ಮಳೆಯ ಮೇಲೆ ನಡೆಯುತ್ತದೆ ಎಂಬುದು ಗೊತ್ತಿದ್ದೂ, ಪರೀಕ್ಷೆ ಪಾಸು ಮಾಡಿದ ಅಮಲಿನಲ್ಲಿ ಮರೆತಿದ್ದೆ. ಮರುದಿನವೇ ಫಲಕ ಇಳಿಸಿ, ಮಘೆ ಮಳೆಯಲ್ಲಿ ಮೊದಲ ಬಿತ್ತನೆ, ಚಿತ್ತೆ ಮಳೆಯಲ್ಲಿ ಕೊನೆಯದು ಎಂದು ಬರೆಸಿದೆ. ಅದಾದ ಮೇಲೆ ಯಾರೂ ಪ್ರಶ್ನೆ ಕೇಳಲಿಲ್ಲ.

ನನಗೆ ನಿಜವಾಗಿ ಕೆಲಸ ಕಲಿಸಿದವಳು ಹನುಮಕ್ಕ. ದಿನಗೂಲಿಯ ಮೇಲೆ ಸಸಿಮಡಿ ನೋಡಿಕೊಳ್ಳುತ್ತಿದ್ದಳು, ನನಗಿಂತ ಹತ್ತು ವರ್ಷ ದೊಡ್ಡವಳು. ಓದು ಬರಹ ಬರುತ್ತಿರಲಿಲ್ಲ. ಮಡಿಯ ಮಣ್ಣನ್ನು ಹಿಡಿಯಲ್ಲಿ ಒತ್ತಿ ನೋಡಿ, ಇವತ್ತು ನೀರು ಬೇಕೋ ಬೇಡವೋ ಹೇಳುತ್ತಿದ್ದಳು. ಬೀಜ ಹಾಕಿದ ಸಂಜೆ ಇರುವೆಗಳು ಸಾಲುಗಟ್ಟಿ ಬಂದು ಬೀಜ ಹೊತ್ತುಕೊಂಡು ಹೋಗುತ್ತವೆ. ನಾನು ಪುಡಿ ಔಷಧಿ ಎರಚಲು ಹೋದರೆ ಆಕೆ ಕೈ ಹಿಡಿದು ನಿಲ್ಲಿಸಿ, ಮಡಿಯ ಸುತ್ತ ಒಂದು ಬೊಗಸೆ ಅಕ್ಕಿ ನುಚ್ಚು ಚೆಲ್ಲಿದಳು. "ಅವುಕ್ಕೂ ಹೊಟ್ಟಿ ಐತಲ್ರಿ ಸಾಹೇಬ್ರ. ಇದನ್ನ ಸಾಗ್ಸೋದ್ರಾಗೆ ನಾಕು ದಿನ ಆಗುತ್ತೆ, ಅಷ್ಟೊತ್ತಿಗೆ ನಮ್ ಬೀಜ ಮೊಳಿತಾವೆ" ಎಂದಳು. ಹಾಗೇ ಆಯಿತು.

ಆಕೆಯ ಮಾತು ಕೇಳದೆ ನಾನು ಮಾಡಿಕೊಂಡ ಎಡವಟ್ಟುಗಳಿಗೆ ಲೆಕ್ಕವಿಲ್ಲ. ಬೀಜ ಹಾಕಿದ ಮಡಿಗೆ ತೇವ ಆರದಂತೆ ಹುಲ್ಲು ಹೊದಿಸಬೇಕು. ಭದ್ರಾ ನಾಲೆಯ ಸೀಮೆಯಲ್ಲಿ ಭತ್ತದ ಹುಲ್ಲಿಗೇನು ಬರ? ಹೊಸ ಹುಲ್ಲು ತರಿಸಿ ದಪ್ಪಗೆ ಹಾಸಿದೆ. "ಒದರಿ ಹಾಕ್ರಿ" ಎಂದಳು ಹನುಮಕ್ಕ. ಹೊತ್ತಾಯಿತೆಂದು ಬಿಟ್ಟೆ. ಹತ್ತು ದಿನಕ್ಕೆ ನನ್ನ ಎಲೆಕೋಸಿನ ಮಡಿಯಲ್ಲಿ ಹಸಿರೋ ಹಸಿರು. ಎಲ್ಲವೂ ಭತ್ತದ ಸಸಿ. ಹುಲ್ಲಿನಲ್ಲಿ ಉಳಿದಿದ್ದ ಕಾಳೆಲ್ಲ ಉದುರಿ ಮೊಳೆತಿದ್ದವು. ಹನುಮಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ನಿಂತು, "ನಾಟಿಗೆ ಆಳು ಕರೀಲಾ ಸಾಹೇಬ್ರ?" ಎಂದು ಕೇಳಿದಳು. ಇನ್ನೊಂದು ವರ್ಷ ಗಜ್ಜರಿಯನ್ನೂ, ಅಂದರೆ ಕ್ಯಾರೆಟ್ಟನ್ನೂ, ಕೋಸಿನಂತೆಯೇ ಮಡಿಯಲ್ಲಿ ಬೆಳೆಸಿ, ಕಿತ್ತು, ಸಾಲಿನಲ್ಲಿ ನಾಟಿ ಮಾಡಿಸಿದೆ. ಗಜ್ಜರಿ, ಮೂಲಂಗಿ, ಬೀಟ್‌ರೂಟಿನ ಬೀಜವನ್ನು ಬೆಳೆಯುವ ಜಾಗದಲ್ಲೇ ಹಾಕಬೇಕು, ಕಿತ್ತು ನೆಟ್ಟರೆ ಬೇರು ಸೊಟ್ಟಗಾಗುತ್ತದೆ. ನನ್ನ ಗಜ್ಜರಿಗಳು ಎರಡು ಕಾಲು, ಮೂರು ಕಾಲು ಬಿಟ್ಟು, ಒಂದರ ಕಾಲ ಮೇಲೆ ಒಂದು ಹಾಕಿಕೊಂಡು ಹೊರಬಂದವು. ಮನೆಗೆ ತಂದಾಗ ನನ್ನ ಹೆಂಡತಿ ಅವನ್ನು ಹೆಚ್ಚದೆ ಮೂರು ದಿನ ಅಕ್ಕಪಕ್ಕದವರಿಗೆ ತೋರಿಸಿದಳು.

ಇವೆಲ್ಲ ನನ್ನೊಬ್ಬನಿಗೆ ನಗೆಪಾಟಲಾದ ಸಂಗತಿಗಳು. ಇನ್ನೊಬ್ಬರಿಗೆ ಪೆಟ್ಟು ಬಿದ್ದ ತಪ್ಪು ಬೇರೆಯೇ ಇದೆ.

ಆ ಕಾಲದಲ್ಲಿ ನನಗೆ ಮೇಲಧಿಕಾರಿಯಾಗಿದ್ದವರು ರುದ್ರಮುನಿಯಪ್ಪ ಎಂಬ ಸಾಹೇಬರು. ಮನಸ್ಸು ಮೆತ್ತಗೆ, ಮಾತು ಗಟ್ಟಿ. ಅವರಿಗೆ ಸುಣ್ಣದ ಮೇಲೆ ಬಹಳ ಪ್ರೀತಿ. ದೊಡ್ಡವರು ಯಾರಾದರೂ ಬರುತ್ತಾರೆಂದರೆ ಸಾಕು, ದಾರಿಯ ಪಕ್ಕದ ಕಲ್ಲಿಗೆ ಸುಣ್ಣ, ಮರದ ಬುಡಕ್ಕೆ ಸುಣ್ಣ, ನೀರಿನ ತೊಟ್ಟಿಗೆ ಸುಣ್ಣ. ಒಂದು ಸಲ ಕೊಟ್ಟಿಗೆಯ ಹತ್ತಿರ ಮಲಗಿದ್ದ ಕರಿಯ ನಾಯಿಯ ಬಾಲಕ್ಕೂ ತಗುಲಿ, ಅದು ತಿಂಗಳುಗಟ್ಟಲೆ ಬಿಳಿ ಬಾಲದ ನಾಯಿಯಾಗಿ ತಿರುಗಿತು. ಆ ವರ್ಷ ಮಘೆ ಮುಗಿದು ಹುಬ್ಬೆ ಮಳೆ ಹಿಡಿದ ಹೊತ್ತಿಗೆ ಸಾಹೇಬರ ಫೋನು ಬಂತು. "ಬಸವರಾಜಪ್ಪ, ನಾಳೆ ಬೆಂಗಳೂರಿನಿಂದ ದೊಡ್ಡ ಸಾಹೇಬ್ರು ಬರ್ತಾರೆ. ಎಲ್ಲಾ ಬೆಳ್ಳಗೆ ಕಾಣ್ಬೇಕು ನೋಡ್ರಿ."

ಮಡಿಗಳಲ್ಲಿ ಕೋಸಿನ ಸಸಿಗಳು ನಾಲ್ಕೆಲೆ ಬಿಟ್ಟು ನಿಂತಿದ್ದವು. ಹನ್ನೆರಡು ಮಡಿ, ಮೂರು ಜಾತಿ. ಪ್ರತಿ ಮಡಿಯ ತಲೆಗೊಂದು ಬಿದಿರಿನ ದಬ್ಬೆ, ಅದರ ಮೇಲೆ ಕರಿ ಬಣ್ಣದಲ್ಲಿ ಹೆಸರು. ಹನುಮಕ್ಕ ಮಗಳ ಬಾಣಂತನಕ್ಕೆಂದು ಹದಿನೈದು ದಿನ ರಜೆಯ ಮೇಲಿದ್ದಳು. ನಾನು ಬೇರೆ ಇಬ್ಬರು ಆಳುಗಳನ್ನು ಕರೆದು, "ಕಲ್ಲು, ಕಡ್ಡಿ, ಕಂಬ, ಒಂದನ್ನೂ ಬಿಡಬ್ಯಾಡ್ರಿ" ಎಂದು ಹೇಳಿ ಬಸ್ಸು ಹಿಡಿದೆ. ಅವರು ನನ್ನ ಮಾತನ್ನು ಅಕ್ಷರಶಃ ನಡೆಸಿದರು. ದಬ್ಬೆಗಳನ್ನೆಲ್ಲ ಕಿತ್ತು, ಒಂದೆಡೆ ರಾಶಿ ಹಾಕಿ, ಎರಡು ಕೈ ಸುಣ್ಣ ಬಳಿದು, ಒಣಗಿಸಿ, ನೂಲು ಹಿಡಿದು ನೇರ ಸಾಲಿನಲ್ಲಿ ಮತ್ತೆ ಚುಚ್ಚಿದ್ದರು. ಬೆಳಿಗ್ಗೆ ಬಂದು ನೋಡುತ್ತೇನೆ, ಹನ್ನೆರಡು ದಬ್ಬೆಗಳು ಹಾಲು ಕುಡಿದಂತೆ ಬೆಳ್ಳಗೆ ನಿಂತಿವೆ. ಒಂದರ ಮೇಲೂ ಹೆಸರಿಲ್ಲ.

ರುದ್ರಮುನಿಯಪ್ಪನವರಿಗೆ ಸಂತೋಷವೋ ಸಂತೋಷ. ದೊಡ್ಡ ಸಾಹೇಬರು ಮಧ್ಯಾಹ್ನ ಬಂದರು, ಕಾರಿನ ಕಿಟಕಿ ಇಳಿಸಿದರು, ಎಳನೀರು ಕುಡಿದರು, "ವೆರಿ ನೀಟ್" ಎಂದರು, ಹೋದರು. ಕಾಲು ನೆಲಕ್ಕೆ ತಾಗಿಸಲಿಲ್ಲ.

ಯಾವ ಮಡಿಯಲ್ಲಿ ಏನಿದೆ ಎಂಬ ನಕ್ಷೆಯನ್ನು ನಾನು ಬರೆದಿಟ್ಟಿರಲಿಲ್ಲ. ರಿಜಿಸ್ಟರಿನಲ್ಲಿ ಇಂಥ ಜಾತಿ ಇಷ್ಟು ಮಡಿ ಎಂದು ಮಾತ್ರ ಇತ್ತು. ತಲೆಯಲ್ಲಿದೆಯಲ್ಲ, ಬರೆಯುವುದೇಕೆ ಎಂಬ ಜಂಭ. ಆ ಸಂಜೆ ಮಡಿಗಳ ನಡುವೆ ಓಡಾಡಿ, ನೆನಪು ಮಾಡಿಕೊಂಡು, ಹನ್ನೆರಡು ದಬ್ಬೆಗಳ ಮೇಲೂ ನಾನೇ ಕೈಯಾರೆ ಹೆಸರು ಬರೆದೆ. ಎರಡು ದಿನದ ನಂತರ ರಜೆ ಮುಗಿಸಿ ಬಂದ ಹನುಮಕ್ಕ ಬೇಲಿ ಪಕ್ಕದ ನಾಲ್ಕು ಮಡಿಗಳ ಮುಂದೆ ಬಹಳ ಹೊತ್ತು ಕುಕ್ಕರಗಾಲಲ್ಲಿ ಕೂತಳು. "ಸಾಹೇಬ್ರ, ಇದು ಹೂಕೋಸು ಅನ್ಸಲ್ರಿ ನಂಗೆ. ತೊಟ್ಟು ಸಣ್ಣವು ಅದಾವೆ" ಎಂದಳು.

"ಅಲ್ಲೇ ಬರ್ದೈತಲ್ಲ ಹನುಮಕ್ಕ" ಎಂದೆ ನಾನು. ಓದಲು ಬಾರದವಳಿಗೆ ಹಾಗೆ ಹೇಳಿದೆ. ಆಕೆ ಎದ್ದು ಕೊಡ ಎತ್ತಿಕೊಂಡು ನೀರಿಗೆ ಹೋದಳು. ಈಗಲೂ ಅದು ನೆನಪಾದರೆ ನಾಚಿಕೆಯಾಗುತ್ತದೆ.

ಆ ನಾಲ್ಕು ಮಡಿಯ ಸಸಿಗಳನ್ನು ಕೊಂಡುಹೋದವಳು ಕಡರನಾಯಕನಹಳ್ಳಿಯ ರೇಣುಕಮ್ಮ. ಮೂವತ್ತೈದರ ಆಸುಪಾಸಿನ ಹೆಂಗಸು, ಗಂಡ ಹರಿಹರದ ಕಾರ್ಖಾನೆಯೊಂದರಲ್ಲಿ ಪಾಳಿ ಕೆಲಸ ಮಾಡುತ್ತಿದ್ದ. ಹೊಲದ ಯಜಮಾನಿಕೆಯೆಲ್ಲ ಮಾವ ತಿಪ್ಪಣ್ಣನದು. ಅವನಿಗೆ ಬೆಳೆ ಎಂದರೆ ಭತ್ತ, ಉಳಿದದ್ದೆಲ್ಲ ಅಂಗಳದ ಆಟ. ರೇಣುಕಮ್ಮನ ತವರಿನಲ್ಲಿ ತರಕಾರಿ ಬೆಳೆಯುತ್ತಿದ್ದರು. ವರ್ಷಗಟ್ಟಲೆ ಕೇಳಿಕೊಂಡ ಮೇಲೆ ಮಾವ ಇಪ್ಪತ್ತು ಗುಂಟೆ ಬಿಟ್ಟುಕೊಟ್ಟಿದ್ದ. ಒಂದು ವರ್ಷಕ್ಕೆ ಮಾತ್ರ. ಬೆಳೆದರೆ ಸರಿ, ಇಲ್ಲದಿದ್ದರೆ ಮತ್ತೆ ಭತ್ತ, ಆಮೇಲೆ ಆ ಮಾತೇ ಎತ್ತಬಾರದು ಎಂಬ ಕರಾರು. ದಾವಣಗೆರೆಯಲ್ಲಿ ಸಂಜೆಯಾದರೆ ಬೀದಿ ಬೀದಿಗೆ ಗೋಬಿ ಗಾಡಿ ನಿಲ್ಲುತ್ತವಲ್ಲ, ಅಂಥ ಗಾಡಿಯವನೊಬ್ಬನ ಹತ್ತಿರ ಹೂಕೋಸು ಕೊಡುವ ಮಾತನ್ನೂ ಆಡಿ ಮುಗಿಸಿದ್ದಳು.

"ಮದುವಿ ಆಗಿ ಹನ್ನೊಂದು ವರ್ಷ ಆತು ಸಾಹೇಬ್ರ. ಇದೇ ಮೊದ್ಲ ಸಲ ನಾ ಹೇಳಿದ್ದು ಹೊಲದಾಗೆ ನಡೀತಾ ಐತೆ. ಚಲೋ ಸಸಿ ಕೊಡ್ರಿ" ಎಂದಿದ್ದಳು. ನಾನು ಎದೆಯುಬ್ಬಿಸಿ ಆ ನಾಲ್ಕು ಮಡಿಗಳನ್ನು ತೋರಿಸಿದೆ.

ಚಿತ್ತೆ ಮಳೆ ಹಿಡಿದ ವಾರ ರೇಣುಕಮ್ಮ ಸಸ್ಯಕ್ಷೇತ್ರಕ್ಕೆ ಬಂದಳು. ಸೆರಗಿನಲ್ಲಿ ಸುತ್ತಿದ್ದ ಒಂದು ಗಿಡವನ್ನು ನನ್ನ ಮೇಜಿನ ಮೇಲಿಟ್ಟಳು. ಬೇರಿಗೆ ಮಣ್ಣು ಹಾಗೇ ಇತ್ತು. ಬುಡಕ್ಕಿಂತ ಒಂದು ಬೆರಳು ಮೇಲೆ ಕಾಂಡ ನಿಂಬೆಹಣ್ಣಿನಷ್ಟು ಊದಿಕೊಂಡಿತ್ತು. "ಇದೇನು ರೋಗರಿ ಸಾಹೇಬ್ರ? ಎಲ್ಲಾ ಗಿಡಕ್ಕೂ ಬಂದೈತೆ" ಎಂದಳು.

ಅದು ರೋಗವಲ್ಲ. ಅದು ನವಿಲುಕೋಸು. ಇಪ್ಪತ್ತು ಗುಂಟೆ ತುಂಬ ಆರೋಗ್ಯವಾಗಿ ಬೆಳೆಯುತ್ತಿದ್ದ ನವಿಲುಕೋಸು. ಬಾಗಿಲಲ್ಲಿ ನಿಂತಿದ್ದ ಹನುಮಕ್ಕ ಗಿಡ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ನಾನು ಆ ಹೊತ್ತಿಗೆ ನಿಜ ಹೇಳುವ ಧೈರ್ಯ ಬಾರದೆ, "ನಾಳೆ ಹೊಲಕ್ಕೇ ಬರ್ತೀನಮ್ಮ" ಎಂದು ರೇಣುಕಮ್ಮನನ್ನು ಕಳಿಸಿದೆ. ಆಕೆ ರೋಗಕ್ಕೆ ಔಷಧಿ ತರುತ್ತಾರೆಂದುಕೊಂಡೇ ಹೋದಳು.

ರುದ್ರಮುನಿಯಪ್ಪನವರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, ನನ್ನ ಒಳ್ಳೆಯದಕ್ಕೇ ಬುದ್ಧಿ ಹೇಳಿದರು. "ನೋಡ್ರಿ, ಬೀಜದ ಕಂಪನಿಯವರದು ತಪ್ಪು ಅಂದು ಕೈ ತೊಳ್ಕೊಳ್ರಿ. ಇಲ್ಲಾ, ಆಕಿನೇ ಎಲ್ಲೋ ಬೇರೆ ಕಡೆ ಸಸಿ ತಂದು ಬೆರೆಸ್ಯಾಳೆ ಅನ್ರಿ. ಬರವಣಿಗೆ ಏನೂ ಇಲ್ಲಲ್ಲ." ಬರವಣಿಗೆ ಇಲ್ಲದ್ದೇ ತೊಂದರೆಯ ಮೂಲ ಎಂದು ಹೇಳಬೇಕೆನಿಸಿತು. ಬಸ್ಸಿನಲ್ಲಿ ಮನೆಗೆ ಹೋಗುವಾಗ ಅವರ ಮಾತು ಸರಿಯೆಂದೇ ಕಂಡಿತು. ಮನೆ ತಲುಪಿ ಊಟಕ್ಕೆ ಕೂತಾಗ ಅಷ್ಟು ಸರಿಯೆನಿಸಲಿಲ್ಲ.

ಮರುದಿನ ಕಡರನಾಯಕನಹಳ್ಳಿಗೆ ಹೋದಾಗ ಬದುವಿನ ಮೇಲೆ ತಿಪ್ಪಣ್ಣ ಕಾದು ನಿಂತಿದ್ದ. ತಲೆಗೆ ಟವೆಲ್, ಕೈಯಲ್ಲಿ ಕೊಡಲಿ, ಮುಖದಲ್ಲಿ ನಗುವಿನ ಸುಳಿವಿಲ್ಲ. ಅಕ್ಕಪಕ್ಕದ ಹೊಲದ ಇಬ್ಬರು ಮೂವರು ಕೆಲಸ ಬಿಟ್ಟು ಬಂದಿದ್ದರು. ರೇಣುಕಮ್ಮ ಒಂದು ಕಡೆ ನಿಂತಿದ್ದಳು. ತಿಪ್ಪಣ್ಣ ಕುಶಲ ಕೇಳಲಿಲ್ಲ, ಕೂಡ್ರಿ ಎನ್ನಲಿಲ್ಲ.

"ಒಂದೇ ಮಾತು ಕೇಳ್ತೀನಿ ಸಾಹೇಬ್ರ. ಹೂಕೋಸು ಅಂತ ಹಾಕಿದ್ದು ಗೆಡ್ಡಿ ಬಿಟ್ಟಾವೆ. ಇದು ಯಾರ ತಪ್ಪು? ಆಕಿದಾ, ಬೀಜದ್ದಾ, ನಿಮ್ದಾ?"

ಬೀಜದ ಕಂಪನಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆಗ ರೇಣುಕಮ್ಮನ ಕಡೆ ಕಣ್ಣು ಹೋಯಿತು. ಬೀಜ ಕೆಟ್ಟಿತು ಎಂದರೂ, ಬೆಳೆ ಕೆಟ್ಟಿತು ಎಂದರೂ ಆ ಮುದುಕನ ಲೆಕ್ಕದಲ್ಲಿ ಒಂದೇ. ತರಕಾರಿ ನಂಬುವಂಥದ್ದಲ್ಲ ಎಂದು ಹೊಲ ವಾಪಸು ತೆಗೆದುಕೊಳ್ಳುತ್ತಿದ್ದ. ಆಕೆಗೆ ಹನ್ನೊಂದು ವರ್ಷದ ಮೇಲೆ ಸಿಕ್ಕಿದ್ದು ಅಲ್ಲಿಗೆ ಮುಗಿಯುತ್ತಿತ್ತು.

"ನಂದು" ಎಂದೆ. "ನಂದೇ ತಪ್ಪು. ಬೀಜ ಸರಿ ಇತ್ತು, ಸಸಿ ಸರಿ ಇತ್ತು, ಈಯಮ್ಮ ಸಾಕಿದ್ದೂ ಸರಿ ಐತೆ. ಹೆಸರಿನ ದಬ್ಬೆಗೆ ನಾನು ಸುಣ್ಣ ಹೊಡಿಸ್ದೆ. ಆಮೇಲೆ ತಪ್ಪು ಹೆಸರು ಬರ್ದೆ."

ತಿಪ್ಪಣ್ಣ ಕೊಡಲಿಯನ್ನು ನೆಲಕ್ಕೆ ಊರಿದ. "ದಬ್ಬಿಗೆ ಸುಣ್ಣ ಯಾಕ ಹೊಡಿಸಿದ್ರಿ?"

"ಬೆಳ್ಳಗೆ ಕಾಣ್ಲಿ ಅಂತ."

"ಕಂಡ್ವಾ?"

"ಕಂಡ್ವು."

ಪಕ್ಕದ ಹೊಲದವನೊಬ್ಬ ಕಿಸಕ್ಕನೆ ನಕ್ಕು ಬಾಯಿಗೆ ಟವೆಲ್ ಅಡ್ಡ ಹಿಡಿದ. ತಿಪ್ಪಣ್ಣ ನಗಲಿಲ್ಲ. ಬದುವಿನಿಂದ ಇಳಿದು ಒಂದು ಗಿಡದ ಗೆಡ್ಡೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. ಸಾಲುಗಳ ಉದ್ದಕ್ಕೂ ಕಣ್ಣು ಹಾಯಿಸಿದ. ಒಂದು ಕಳೆಯಿಲ್ಲ, ಒಂದು ಗಿಡ ಸೊರಗಿಲ್ಲ. "ಆಕಿ ತಪ್ಪಲ್ಲ ಅಂದ ಮ್ಯಾಲೆ ಆಕಿ ವರ್ಷ ಇನ್ನಾ ಮುಗಿದಿಲ್ಲ. ಬೇಸಿಗಿ ಭತ್ತಕ್ಕೆ ಈ ಹೊಲ ಮುಟ್ಟಲ್ಲ" ಎಂದು ನನಗೂ ಹೇಳದೆ, ಸೊಸೆಗೂ ಹೇಳದೆ, ನಾಲೆಯ ಕಡೆ ನೋಡಿಕೊಂಡು ಹೇಳಿ ಹೊರಟುಹೋದ.

ಎಲ್ಲರೂ ಹೋದ ಮೇಲೆ ರೇಣುಕಮ್ಮ ಬಾಯಿ ಬಿಟ್ಟಳು. "ಸುಳ್ಳು ಹೇಳಲ್ಲ ಸಾಹೇಬ್ರ, ನಿಮ್ಮನ್ನ ಈ ನಾಲಿಯಾಗೆ ನೂಕ್ಬೇಕು ಅನ್ನಷ್ಟು ಸಿಟ್ಟು ಬಂದೈತೆ. ಗೋಬಿ ಗಾಡಿಯವ್ನಿಗೆ ನಾ ಏನಂತ ಹೇಳ್ಲಿ?"

"ನೂಕಮ್ಮ" ಎಂದೆ.

"ನೂಕಿದ್ರೆ ಹೂಕೋಸು ಬರ್ತಾವಾ?" ಎಂದು ಆಕೆಯೇ ನಕ್ಕಳು. ಆಮೇಲೆ ಗಂಭೀರವಾಗಿ ಹೇಳಿದಳು: "ಇನ್ಮ್ಯಾಲೆ ನಿಮ್ಮ ಸಸಿ ಬ್ಯಾಡ ನಂಗೆ. ಬೀಜ ಕೊಡ್ರಿ. ಮಡಿ ಹೆಂಗೆ ಹಾಕೋದು ಅಂತ ತೋರಿಸ್ಕೊಡ್ರಿ. ನನ್ ಕೈಯಾರೆ ಹಾಕ್ತೀನಿ, ಆಗ ಹೆಸರು ನನ್ ತಲಿಯಾಗೆ ಇರುತ್ತೆ."

ತಡವಾಗಿ ಹೂ ಕಟ್ಟುವ ಹೂಕೋಸಿನ ತಳಿಯೊಂದಿತ್ತು. ಚಿತ್ತೆ ಮಳೆಯಲ್ಲಿ ಬೀಜ ಹಾಕಿದರೆ ನವಿಲುಕೋಸು ಕಿತ್ತು ಮುಗಿಯುವಷ್ಟರಲ್ಲಿ ಸಸಿ ನಾಟಿಗೆ ಬರುತ್ತದೆ. ಬೀಜದ ಪೊಟ್ಟಣ ಹಿಡಿದು ಹೊರಡುವ ಮೊದಲು ಹನುಮಕ್ಕನ ಮುಂದೆ ನಿಂತೆ. "ಅವತ್ತು ನೀನು ಹೇಳಿದ್ದು ನಾನು ಕೇಳ್ಬೇಕಿತ್ತು ಹನುಮಕ್ಕ. ಕಲಿಸೋದು ನನ್ನಿಂದ ಆಗಲ್ಲ, ನೀನೇ ಬರ್ಬೇಕು." ಆಕೆ, "ಆಟೋದಾಗೆ ಕರ್ಕಂಡು ಹೋಗಂಗಿದ್ರೆ ಬರ್ತೀನಿ, ಸೈಕಲ್ಲಿನ ಹಿಂದೆ ಕೂಡಲ್ಲ" ಎಂದಳು. ಅಷ್ಟರಲ್ಲಿ ನನ್ನ ಕ್ಷಮಾಪಣೆ ಮುಗಿಯಿತು.

ರೇಣುಕಮ್ಮನ ಮನೆಯ ಹಿತ್ತಿಲಲ್ಲಿ ಹನುಮಕ್ಕ ಎರಡು ಏರುಮಡಿ ಮಾಡಿಸಿದಳು. ಮಣ್ಣು, ಮರಳು, ಜರಡಿ ಹಿಡಿದ ಕೊಟ್ಟಿಗೆ ಗೊಬ್ಬರ. ಬೆರಳಿನಿಂದ ಅಡ್ಡ ಗೆರೆ ಎಳೆದು, ಗೆರೆಯಲ್ಲಿ ಬೀಜವನ್ನು ಬಿಡಿಬಿಡಿಯಾಗಿ ಉದುರಿಸಿ, ಮೇಲೆ ತೆಳ್ಳಗೆ ಗೊಬ್ಬರ. ನಾನು ದೂರದಲ್ಲಿ ಮಂಚದ ಮೇಲೆ ಕೂತು ಚಹಾ ಕುಡಿದೆ. ನನಗೆ ಕೊಟ್ಟ ಕೆಲಸ ಅದೊಂದೇ.

ಇನ್ನು ಹೊಲ ತುಂಬ ನಿಂತ ನವಿಲುಕೋಸಿನ ಗತಿ? ಗೋಬಿ ಗಾಡಿಯವನು ಅದನ್ನು ಮೂಸಿಯೂ ನೋಡಲಿಲ್ಲ. ರೇಣುಕಮ್ಮನೇ ಉಪಾಯ ಹುಡುಕಿದಳು. ಅಮಾವಾಸ್ಯೆಗೆ ಉಕ್ಕಡಗಾತ್ರಿಯ ಕರಿಬಸವೇಶ್ವರನ ದರ್ಶನಕ್ಕೆ ಜನವೋ ಜನ. ಗಂಡನ ಗೆಳೆಯನ ಗೂಡ್ಸ್ ಆಟೋದಲ್ಲಿ ನವಿಲುಕೋಸು ತುಂಬಿಕೊಂಡು ಹೋಗಿ ದಾರಿಯ ಪಕ್ಕ ಗೋಣಿತಟ್ಟು ಹಾಸಿದಳು. ನಾನು ಒಂದು ದಿನ ರಜೆ ಹಾಕಿ ಹೋಗಿ ತಕ್ಕಡಿ ಹಿಡಿದೆ. ತಪ್ಪು ಮಾಡಿದವನು ಅಷ್ಟಾದರೂ ಮಾಡಬೇಡವೇ? ಬಂದವರೆಲ್ಲ ಕೇಳುವುದು ಒಂದೇ, "ಇದನ್ನ ಏನ್ ಮಾಡ್ಬೇಕ್ರಿ?" ರೇಣುಕಮ್ಮ ಬೇಸರವಿಲ್ಲದೆ ಪಾಠ ಒಪ್ಪಿಸುತ್ತಿದ್ದಳು. ತುರಿದರೆ ಕೋಸಂಬರಿ, ಹೆಚ್ಚಿದರೆ ಪಲ್ಯ, ಬೇಳೆ ಜೊತೆ ಹಾಕಿದರೆ ಸಾರು.

ಮಧ್ಯಾಹ್ನದ ಹೊತ್ತಿಗೆ ಎದುರಿಗೆ ಒಂದು ಕಾರು ನಿಂತಿತು. ಹಣೆಯ ಮೇಲೆ ವಿಭೂತಿ ಧರಿಸಿ, ಹೆಂಡತಿಯೊಡನೆ ದರ್ಶನ ಮುಗಿಸಿ ಬರುತ್ತಿದ್ದವರು ಸಾಕ್ಷಾತ್ ರುದ್ರಮುನಿಯಪ್ಪ ಸಾಹೇಬರು. ಅವರ ಕಣ್ಣು ನನ್ನ ಮೇಲೆ, ಆಮೇಲೆ ತಕ್ಕಡಿಯ ಮೇಲೆ ಬಿತ್ತು. "ಏನ್ರಿ ಬಸವರಾಜಪ್ಪ, ಹೊಟ್ಟಿನೋವು ಅಂತ ರಜಾ ಹಾಕಿದ್ದು ಇದಕ್ಕಾ?"

"ಹೌದು ಸರ್. ಎರಡು ಕೆಜಿ ತೂಗ್ಲಾ?"

ಅವರು ಉತ್ತರಿಸುವ ಮೊದಲೇ ಅವರ ಹೆಂಡತಿ ಬಗ್ಗಿ ಕೂತು ಗೆಡ್ಡೆ ಆರಿಸಲು ಶುರು ಮಾಡಿದ್ದರು. "ಎಲಿ ಇರೋವು ಕೊಡ್ರಿ, ಎಲಿ ಪಲ್ಯ ಭಾಳ ರುಚಿ. ನಮ್ಮನೆಯವ್ರಿಗೆ ಹೂಕೋಸಿಗಿಂತ ಇದೇ ಇಷ್ಟ" ಎಂದರು. ಸಾಹೇಬರು ಆಕಾಶ ನೋಡುತ್ತಾ ನಿಂತರು. ಮರುದಿನ ಕಚೇರಿಯಲ್ಲಿ ಆ ವಿಷಯ ಎತ್ತಲೇ ಇಲ್ಲ. ತಿಂಗಳ ಮೇಲೆ ಒಮ್ಮೆ, "ಆಕಿ ಹತ್ರ ಇನ್ನಾ ಉಳಿದಾವೇನ್ರಿ?" ಎಂದು ಮೆಲ್ಲಗೆ ಕೇಳಿದರು, ಅಷ್ಟೇ.

ಹಿತ್ತಿಲಲ್ಲಿ ರೇಣುಕಮ್ಮ ತಾನೇ ಬೀಜ ಹಾಕಿ ಎಬ್ಬಿಸಿದ ಸಸಿಗಳು ಹೊಲಕ್ಕೆ ಹೋದವು. ಚಳಿ ಬಿದ್ದಂತೆ ಎಲೆಗಳ ನಡುವೆ ಬಿಳಿ ಹೂ ಕಟ್ಟಿತು. ಬಿಸಿಲಿಗೆ ಹೂ ಹಳದಿಯಾಗದಂತೆ ಆಕೆ ಒಂದೊಂದು ಗಿಡದ ಹೊರ ಎಲೆಗಳನ್ನೂ ಮೇಲಕ್ಕೆ ಮಡಚಿ ಕಟ್ಟಿದಳು. ಬದುವಿನಲ್ಲಿ ಕೂತು ಇದನ್ನು ನೋಡುತ್ತಿದ್ದ ತಿಪ್ಪಣ್ಣ, "ತಲಿಗೆ ಟವಲ್ ಸುತ್ತಾಕ ಹತ್ತ್ಯಾಳೆ" ಎಂದು ಯಾರಿಗೋ ಹೇಳಿದನಂತೆ. ಗೋಬಿ ಗಾಡಿಯವನು ತಾನೇ ಹೊಲಕ್ಕೆ ಬಂದು ಹೂಕೋಸು ಒಯ್ದ. ರೇಣುಕಮ್ಮ ಅದೇ ಗಾಡಿಯ ಗೋಬಿಯನ್ನು ಒಂದು ಪೊಟ್ಟಣ ಕಟ್ಟಿಸಿಕೊಂಡು ಸಸ್ಯಕ್ಷೇತ್ರಕ್ಕೆ ಬಂದಳು. ಪೊಟ್ಟಣ ಕೊಟ್ಟಿದ್ದು ನನ್ನ ಕೈಗಲ್ಲ, ಹನುಮಕ್ಕನ ಕೈಗೆ. ನನಗೆ ಎರಡು ತುಂಡು ಸಿಕ್ಕವು.

ಈಗ ಕಾಲ ಬದಲಾಗಿದೆ. ಮಡಿಯ ಬದಲು ಕುಳಿಗಳಿರುವ ಪ್ಲಾಸ್ಟಿಕ್ ತಟ್ಟೆ ಬಂದಿದೆ, ಮಣ್ಣಿನ ಬದಲು ತೆಂಗಿನ ನಾರಿನ ಪುಡಿ, ಬಿಸಿಲಿಗೆ ಹಸಿರು ಪರದೆ. ಕುಳಿಗೊಂದು ಬೀಜ. ಬೇರು ಮುರಿಯುವುದಿಲ್ಲ, ಇರುವೆಯ ಕಾಟ ಕಡಿಮೆ, ಭತ್ತ ಮೊಳೆಯುವ ಪ್ರಶ್ನೆಯೇ ಇಲ್ಲ. ಇದೆಲ್ಲ ಒಳ್ಳೆಯದೇ. ಹಿಂದಿನದೇ ಚೆನ್ನಾಗಿತ್ತು ಎಂದು ಗೊಣಗುವ ನಿವೃತ್ತರ ಗುಂಪಿಗೆ ನಾನು ಸೇರಿದವನಲ್ಲ. ಆದರೆ ತಟ್ಟೆಯನ್ನೂ ಎತ್ತಿ ಆಚೀಚೆ ಇಡಬಹುದು. ಬೀಜ ಹಾಕಿದ ಕೂಡಲೇ, ಕೈ ತೊಳೆಯುವುದಕ್ಕೂ ಮೊದಲು, ಎಲ್ಲಿ ಏನು ಹಾಕಿದಿರೆಂದು ಪುಸ್ತಕದಲ್ಲಿ ಬರೆಯಿರಿ. ಬರೆದ ಮೇಲೂ ನೀರು ಹಾಕುವವರು ಬಂದು ಇದು ಅದಲ್ಲ ಎಂದರೆ, ಪುಸ್ತಕ ಮುಚ್ಚಿ ಗಿಡ ನೋಡಿ.

ಮರುವರ್ಷ ಹುಬ್ಬೆ ಮಳೆಯಲ್ಲಿ ಒಂದು ಬೆಳಿಗ್ಗೆ ತಿಪ್ಪಣ್ಣ ಒಬ್ಬನೇ ಬಸ್ಸಿನಲ್ಲಿ ಬಂದ. ಗಲಾಟೆಗೇ ಬಂದಿದ್ದಾನೆಂದು ನಾನು ಎದ್ದು ನಿಂತೆ. ಅವನು ಬೆಂಚಿನ ಮೇಲೆ ಕೂತು, ಟವೆಲ್ಲಿನಿಂದ ಮುಖ ಒರೆಸಿಕೊಂಡು, ಆ ಕಡೆ ಈ ಕಡೆ ನೋಡಿ ದನಿ ತಗ್ಗಿಸಿದ.

"ಸಾಹೇಬ್ರ, ಈ ಸಲ ಇನ್ನೊಂದು ಇಪ್ಪತ್ತು ಗುಂಟೆಗೆ ಕೋಸು ಹಾಕಾನ ಅಂತ. ಮಡಿಗೆ ಬೀಜ ಹಾಕೋದು ನಂಗೂ ಒಂಚೂರು ಹೇಳ್ಕೊಡ್ರಿ."

"ನಿಮ್ಮ ಸೊಸಿಗೆ ನನಗಿಂತ ಚೆನ್ನಾಗಿ ಬರುತ್ತಲ್ಲ ತಿಪ್ಪಣ್ಣ. ಆಕೀನ ಕೇಳ್ರಿ."

"ಹೆಂಗೆ ಕೇಳ್ಲಿ?" ಎಂದ. ಐವತ್ತು ವರ್ಷ ಭತ್ತ ಬೆಳೆದ ಮನುಷ್ಯ ನೆಲ ನೋಡುತ್ತಾ ಕೂತಿದ್ದ. ನನಗೆ ನಗು ಬಂತು, ಅದರ ಹಿಂದೆಯೇ ಅವನ ಮೇಲೆ ಅಕ್ಕರೆಯೂ ಬಂತು. ನಾನು ಬೀಜದ ಪೊಟ್ಟಣ ಕೊಟ್ಟು, ಪಾಠ ಮಾತ್ರ ಹೇಳಿಕೊಡಲಿಲ್ಲ. "ಮನ್ಯಾಗೇ ಕಲೀರಿ" ಎಂದು ಬಸ್ಸಿಗೆ ಹತ್ತಿಸಿ ಬಂದೆ. ಅವನು ಕಿಟಕಿಯಿಂದ ನನ್ನನ್ನು ಕೆಕ್ಕರಿಸಿ ನೋಡಿದ.

ವಾರ ಕಳೆದು ಆ ಕಡೆ ಹೋದಾಗ ಅವರ ಹಿತ್ತಿಲಿಗೆ ಇಣುಕಿದೆ. ತಿಪ್ಪಣ್ಣ ಮಡಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಅಭ್ಯಾಸ ಬಲದಿಂದ ಹಿಡಿ ತುಂಬ ಬೀಜ ತೆಗೆದು ಭತ್ತದಂತೆ ಬೀಸಿ ಎರಚಿದ್ದ. ಸೊಂಟಕ್ಕೆ ಕೈಯಿಟ್ಟು ರೇಣುಕಮ್ಮ ಮೇಲೆ ನಿಂತಿದ್ದಳು.

"ಭತ್ತ ಅಲ್ಲ ಮಾವ ಅದು. ಹಂಗ ಎರಚಬ್ಯಾಡ್ರಿ. ಎಲ್ಲಾ ಆರ್ಸಿ ತೆಗೀರಿ, ಒಂದೊಂದೇ ಹಾಕ್ರಿ."

ಈಗ ಮುದುಕ ಸಿಡಿಯುತ್ತಾನೆ ಎಂದು ನಾನು ಬೇಲಿಯ ಆಚೆಯೇ ನಿಂತೆ. ತಿಪ್ಪಣ್ಣ ತಲೆ ಎತ್ತಲಿಲ್ಲ. ದಪ್ಪ ಬೆರಳುಗಳಿಂದ ಮಣ್ಣಿನಲ್ಲಿದ್ದ ಕಾಳುಗಳನ್ನು ಒಂದೊಂದಾಗಿ ಆರಿಸಿ ಅಂಗೈಗೆ ಹಾಕಿಕೊಳ್ಳತೊಡಗಿದ.

"ನಂದೇ ತಪ್ಪಾತು ಬಿಡವ್ವ" ಎಂದ. "ಎಷ್ಟು ಬೆರಳು ದೂರ ಅಂದಿ?"